‘ಕೌಬಾಯ್ ಕಾರ್ಟರ್’ ಅನ್ನು ಪೂರ್ತಿ ಕೇಳು ಮಾರಾಯ

ಬೆಂಗಳೂರು
ಏಪ್ರಿಲ್ 2024

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿದೆ. ಅಮೆರಿಕದ ಕಪ್ಪು ಗಾಯಕಿ ಬಿಯಾನ್ಸೆಯ ಹೊಸ ಆಲ್ಬಮ್ ‘ಕೌಬಾಯ್ ಕಾರ್ಟರ್’ ಅರ್ಧ ಕೇಳಿ ಬಿಟ್ಟೆ ಅಂದಿದ್ದೀಯ. 27 ಟ್ರ್ಯಾಕ್ ಯಾರು ಕೇಳ್ತಾರೆ, ಅದೂ ಕಂಟ್ರಿ ಮ್ಯೂಸಿಕ್, ಅಮೆರಿಕದ ಹಳ್ಳಿ ಕಡೆಯ ಹಾಡು, ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳಿದ್ದೀಯ. ಫೋನಿನಲ್ಲಿ ಉತ್ತರ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಜಗಳವಾಗುತ್ತದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಮ್ಮ ಬಳಗದಲ್ಲಿ ಇನ್ನೂ ಒಂದಿಬ್ಬರು ಇದೇ ಮಾತು ಹೇಳಿದ್ದಾರೆ, ಹಾಗಾಗಿ ಅವರೂ ಓದಲಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ‘ಕೌಬಾಯ್ ಕಾರ್ಟರ್’ ಅವಳ ಅತ್ಯಂತ ದೊಡ್ಡ ಕೆಲಸ. ಅವಳ 2016ರ ಆಲ್ಬಮ್ ‘ಲೆಮನೇಡ್’ ನನಗೆ ಎಷ್ಟು ಇಷ್ಟ ಅಂತ ನಿನಗೆ ಗೊತ್ತು. ಇದನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಇಡುತ್ತೇನೆ. ಯಾಕೆ ಅಂದರೆ, ತನಗೆ ಬಾಗಿಲು ಹಾಕಿದ ಮನೆಗೆ ಈ ಸಲ ಅವಳು ಒಬ್ಬಳೇ ಹೋಗಲಿಲ್ಲ. ಆ ಮನೆ ಕಟ್ಟಿ, ಆಮೇಲೆ ಹೊರಗೆ ನಿಲ್ಲಬೇಕಾಗಿ ಬಂದ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋದಳು. ಈ ಮಾತು ತಲೆಯಲ್ಲಿಟ್ಟುಕೊಂಡು ಮತ್ತೊಮ್ಮೆ ಕೇಳು. ನೀನು ಉದ್ದ ಅಂದ ಆಲ್ಬಮ್ಮೇ ಬೇರೆ ಥರ ಕೇಳಿಸುತ್ತದೆ.

ಬಾಗಿಲು ಹಾಕಿದ ಕತೆ ಸ್ವಲ್ಪ ಹೇಳಬೇಕು. 2016ರ ನವೆಂಬರ್‌ನಲ್ಲಿ ಕಂಟ್ರಿ ಸಂಗೀತದ ರಾಜಧಾನಿಯಂತಿರುವ ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ 50ನೇ ಪ್ರಶಸ್ತಿ ಸಮಾರಂಭ ನಡೆಯಿತು. ಅಲ್ಲಿ ಅವಳು ತನ್ನ ‘ಡ್ಯಾಡಿ ಲೆಸನ್ಸ್’ ಹಾಡನ್ನು, ಆಗ ‘ಡಿಕ್ಸಿ ಚಿಕ್ಸ್’ ಅಂತಿದ್ದ ತಂಡದ ಜೊತೆ ಹಾಡಿದಳು. ಈಗ ಅವರ ಹೆಸರು ಬರೀ ‘ದಿ ಚಿಕ್ಸ್’. ಹಾಡು ಚೆನ್ನಾಗಿತ್ತು. ಆದರೆ ಆಮೇಲೆ ಬಂದ ಕಮೆಂಟುಗಳು ಓದುವ ಹಾಗಿರಲಿಲ್ಲ. ಇವಳಿಗೆ ಇಲ್ಲೇನು ಕೆಲಸ ಅನ್ನುವುದೇ ಎಲ್ಲದರ ಸಾರ. ಈ ಮಾರ್ಚ್‌ನಲ್ಲಿ, ಆಲ್ಬಮ್ ಬರುವ ಕೆಲವು ದಿನ ಮೊದಲು, ಅವಳು ಇನ್‌ಸ್ಟಾಗ್ರಾಮ್‌ನಲ್ಲಿ ಬರೆದುಕೊಂಡಳು: ವರ್ಷಗಳ ಹಿಂದೆ ನನಗೆ ಸ್ವಾಗತವಿಲ್ಲ ಅನ್ನಿಸಿದ ಒಂದು ಅನುಭವದಿಂದ ಇದು ಹುಟ್ಟಿತು, ಆಮೇಲೆ ಕಂಟ್ರಿ ಸಂಗೀತದ ಇತಿಹಾಸವನ್ನು ಆಳವಾಗಿ ನೋಡಿದೆ, ಇದಕ್ಕೆ ಐದು ವರ್ಷಕ್ಕೂ ಜಾಸ್ತಿ ಹಿಡಿಯಿತು ಅಂತ. ಹೆಸರು ಹೇಳಲಿಲ್ಲ, ಸಮಾರಂಭ ಯಾವುದು ಅಂತಲೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಎಲ್ಲರಿಗೂ ಗೊತ್ತಾಯಿತು.

ಮತ್ತೆ ಇವಳೇನು ಹೊರಗಿನವಳಾ? ಹ್ಯೂಸ್ಟನ್‌ನಲ್ಲಿ ಹುಟ್ಟಿ ಬೆಳೆದವಳು. ಆ ಊರಿನಲ್ಲಿ ಪ್ರತಿ ವರ್ಷ ದೊಡ್ಡ ರೋಡಿಯೋ, ಅಂದರೆ ಕೌಬಾಯ್‌ಗಳ ಮೇಳ, ನಡೆಯುತ್ತದೆ, ಅಲ್ಲಿ ಇವಳೇ ಹಾಡಿದ್ದಾಳೆ. ಅಪ್ಪ ಅಲಬಾಮಾದವರು, ಅಮ್ಮ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನವರು, ಅಮ್ಮನ ಕಡೆಯ ಬೇರು ಲೂಸಿಯಾನಾದಲ್ಲಿ. 19ನೇ ಶತಮಾನದಲ್ಲಿ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಕಪ್ಪು ಜನ ಅಂತ ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಸಿನಿಮಾಗಳಲ್ಲಿ ನಾವು ನೋಡಿದ್ದು ಉಳಿದ ಮೂವರನ್ನು ಮಾತ್ರ.

ಸಂಗೀತದಲ್ಲೂ ಅದೇ ಕತೆ. ಬ್ಯಾಂಜೊ ಅನ್ನುವ ತಂತಿ ವಾದ್ಯದ ಹೆಸರು ಕೇಳಿದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಟೋಪಿ ಹಾಕಿದ ಬಿಳಿಯ ರೈತ. ಆದರೆ ಅದರ ಪೂರ್ವಜರು ಪಶ್ಚಿಮ ಆಫ್ರಿಕಾದ ಸೋರೆ ಬುರುಡೆಯ ವಾದ್ಯಗಳು. ಗುಲಾಮರಾಗಿ ಬಂದವರು ಆ ವಾದ್ಯದ ನೆನಪನ್ನು ಹೊತ್ತು ತಂದು ಅಮೆರಿಕದಲ್ಲಿ ಮತ್ತೆ ಕಟ್ಟಿದರು. ‘ಕಾರ್ಟರ್’ ಅನ್ನುವುದು ಇವಳ ಗಂಡ, ರ‍್ಯಾಪರ್ ಜೇ-ಜೀ ಕಡೆಯ ಮನೆತನದ ಹೆಸರು. ಅದೇ ಹೆಸರಿನ ‘ಕಾರ್ಟರ್ ಫ್ಯಾಮಿಲಿ’ಯನ್ನು ಕಂಟ್ರಿ ಸಂಗೀತದ ಮೊದಲ ಕುಟುಂಬ ಅಂತ ಕರೆಯುತ್ತಾರೆ. ಆ ಕುಟುಂಬದ ಎ. ಪಿ. ಕಾರ್ಟರ್ ಹಾಡುಗಳನ್ನು ಸಂಗ್ರಹಿಸಲು ಊರೂರು ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಅನ್ನುವ ಕಪ್ಪು ಗಿಟಾರ್ ವಾದಕ. ಒಮ್ಮೆ ಕೇಳಿದರೆ ಸಾಕು, ರಿಡಲ್‌ಗೆ ಮಟ್ಟು ನೆನಪಿನಲ್ಲಿ ಉಳಿಯುತ್ತಿತ್ತು. ಹಾಡುಗಳ ಮೇಲೆ ಉಳಿದ ಹೆಸರು ಕಾರ್ಟರ್. ಆಲ್ಬಮ್‌ನ ಹೆಸರು ನೋಡಿದಾಗ ನನಗೆ ಮೊದಲು ನೆನಪಾದದ್ದು ರಿಡಲ್.

ಈಗ ಹಾಡುಗಳಿಗೆ ಬರುತ್ತೇನೆ.

‘ಟೆಕ್ಸಸ್ ಹೋಲ್ಡ್ ಎಮ್’ ನೀನು ರೀಲ್ಸ್‌ನಲ್ಲಿ ಕೇಳಿ ಕೇಳಿ ಬೇಸತ್ತಿರುತ್ತೀಯ. ಪರವಾಗಿಲ್ಲ, ಶುರುವಿನ ಬ್ಯಾಂಜೊ ಮಾತ್ರ ಇನ್ನೊಮ್ಮೆ ಕೇಳು. ಅದನ್ನು ನುಡಿಸಿದವರು ರಿಯಾನನ್ ಗಿಡೆನ್ಸ್. ಬ್ಯಾಂಜೊ ಕಪ್ಪು ಜನರ ವಾದ್ಯ ಅನ್ನುವುದನ್ನು ಜನಕ್ಕೆ ನೆನಪಿಸಲು ವರ್ಷಗಳಿಂದ ದುಡಿದವರು. ಬೇರೆ ಯಾರನ್ನು ಕರೆದಿದ್ದರೂ ಆ ನಾಲ್ಕು ತಂತಿ ಮೀಟು ಬರುತ್ತಿತ್ತು. ಇವರನ್ನೇ ಕರೆದದ್ದರಲ್ಲಿ ಇಡೀ ಆಲ್ಬಮ್‌ನ ಮನಸ್ಸು ಇದೆ. ಫೆಬ್ರವರಿಯಲ್ಲಿ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ದಿನ ಈ ಹಾಡು ಬಂದಾಗ ಒಕ್ಲಹೋಮಾದ ಒಂದು ಕಂಟ್ರಿ ರೇಡಿಯೋ ಕೇಂದ್ರ, ನಾವು ಬಿಯಾನ್ಸೆ ಹಾಕುವುದಿಲ್ಲ ಅಂತ ಕೇಳುಗರೊಬ್ಬರಿಗೆ ಉತ್ತರ ಕೊಟ್ಟಿತ್ತು. ಅಭಿಮಾನಿಗಳು ಬಿಡಲಿಲ್ಲ, ಆಮೇಲೆ ಹಾಕಿದರು. ಬಿಲ್‌ಬೋರ್ಡ್‌ನ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮಹಿಳೆ ಇವಳಾದಳು. 2024ರಲ್ಲಿ ‘ಮೊದಲ’ ಅನ್ನಬೇಕಾಗಿ ಬಂತಲ್ಲ ಅಂತ ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು.

ನನಗೆ ಜೀವದ ಹಾಡು ‘16 ಕ್ಯಾರೇಜಸ್’. ಇದನ್ನು ರಾತ್ರಿ ಹೆಡ್‌ಫೋನ್‌ನಲ್ಲಿ ಕೇಳು, ಬೇರೇನೂ ಮಾಡಬೇಡ. 15ನೇ ವಯಸ್ಸಿಗೇ ಮನೆ ಬಿಟ್ಟು ಹಾಡುತ್ತಾ ಊರೂರು ಸುತ್ತಿದ ಹುಡುಗಿ, ಅಪ್ಪ ಅಮ್ಮನ ಸಂಸಾರದ ಕಷ್ಟ ಕಂಡವಳು, ಈಗ ನಲವತ್ತು ದಾಟಿ ಹಿಂದೆ ತಿರುಗಿ ನೋಡುತ್ತಿದ್ದಾಳೆ. ಗಿಟಾರ್ ಮೆಲ್ಲಗೆ ಶುರುವಾಗುತ್ತದೆ. ಇದ್ದಕ್ಕಿದ್ದಂತೆ ದೊಡ್ಡ ಡ್ರಮ್ ಏಟು ಬೀಳುತ್ತದೆ, ಮತ್ತೆ ಎಲ್ಲ ಖಾಲಿ. ಆ ಖಾಲಿಯಲ್ಲಿ ಅವಳ ಕೆಳದನಿ ಒಂದೇ ಉಳಿಯುತ್ತದೆ. ಕೂಗುವ ಶಕ್ತಿ ಇರುವವಳು ಕೂಗದೆ ಹಾಡುವುದು ಅಂದರೆ ಇದು.

ಅದರಲ್ಲಿ ಸ್ಟೀಲ್ ಗಿಟಾರ್ ಅಳುವುದನ್ನು ಗಮನಿಸು. ನಮಗೆ ಆ ನಾದ ಹೊಸದಲ್ಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ಹವಾಯನ್ ಗಿಟಾರ್‌ನಲ್ಲಿ ನುಡಿಸಿ ಹಾಕುತ್ತಿದ್ದರಲ್ಲ, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ಮೀಂಡ್ ತೆಗೆಯುತ್ತಿದ್ದರಲ್ಲ, ಅದೇ ವಂಶ. ಇಲ್ಲಿ ನುಡಿಸಿದವರು ರಾಬರ್ಟ್ ರಾಂಡಾಲ್ಫ್. ಪೆಡಲ್ ಸ್ಟೀಲ್, ಅಂದರೆ ಪೆಡಲ್ ಇರುವ ಸ್ಟೀಲ್ ಗಿಟಾರ್, ಅಂದರೆ ನ್ಯಾಶ್‌ವಿಲ್‌ನ ಗುರುತು ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಹೌಸ್ ಆಫ್ ಗಾಡ್ ಅನ್ನುವ ಕಪ್ಪು ಜನರ ಚರ್ಚ್‌ಗಳಲ್ಲಿ ಸ್ಟೀಲ್ ಗಿಟಾರನ್ನು ದಶಕಗಳಿಂದ ಪ್ರಾರ್ಥನೆಗೆ ನುಡಿಸುತ್ತಾರೆ. ರಾಂಡಾಲ್ಫ್ ಬೆಳೆದದ್ದೇ ಅಲ್ಲಿ. ಹಾಗಾಗಿ ಈ ಹಾಡಿನ ಸ್ಟೀಲ್‌ನಲ್ಲಿ ಬಾರ್‌ನ ದುಃಖ ಇಲ್ಲ, ಚರ್ಚ್‌ನ ದುಃಖ ಇದೆ. ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

‘ಬ್ಲ್ಯಾಕ್‌ಬರ್ಡ್’ ಬಗ್ಗೆ ನೀನು ‘ಬೀಟಲ್ಸ್ ಹಾಡನ್ನು ಯಾಕೆ ಮುಟ್ಟಬೇಕಿತ್ತು’ ಅಂದೆ. ಪಾಲ್ ಮೆಕಾರ್ಟ್ನಿ 1968ರಲ್ಲಿ ಅದನ್ನು ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಅಮೆರಿಕದ ದಕ್ಷಿಣದ ಕಪ್ಪು ಹುಡುಗಿಯರು, ಲಿಟಲ್ ರಾಕ್‌ನಲ್ಲಿ ಬಿಳಿಯರ ಶಾಲೆಗೆ ಹೋಗಲು ಹೊರಟ ಮಕ್ಕಳು ಅಂತ ಅವರೇ ಹೇಳಿದ್ದಾರೆ. ಈಗ ಇವಳು ಮೂಲ ರೆಕಾರ್ಡಿಂಗ್‌ನ ಗಿಟಾರನ್ನೇ ಇಟ್ಟುಕೊಂಡಿದ್ದಾಳೆ. ಮೆಕಾರ್ಟ್ನಿ ಕಾಲಿನಿಂದ ತಾಳ ಹಾಕಿದ ಸದ್ದು ಕೂಡ ಹಾಗೇ ಇದೆ. ಅದರ ಮೇಲೆ ಟ್ಯಾನರ್ ಅಡೆಲ್, ಬ್ರಿಟ್ನಿ ಸ್ಪೆನ್ಸರ್, ಟಿಯೆರಾ ಕೆನಡಿ, ರೇನಾ ರಾಬರ್ಟ್ಸ್ ಅನ್ನುವ ನಾಲ್ವರು ಕಪ್ಪು ಕಂಟ್ರಿ ಗಾಯಕಿಯರ ದನಿ ಸೇರಿಸಿದ್ದಾಳೆ. ಯಾರ ಬಗ್ಗೆ ಹಾಡು ಬರೆದರೋ ಅವರ ಮೊಮ್ಮಕ್ಕಳ ಪ್ರಾಯದವರು ಅದನ್ನು ಹಾಡುತ್ತಿದ್ದಾರೆ. ಇವಳು ತನ್ನ ದನಿಯನ್ನು ಅವರ ದನಿಗಳ ಮೇಲೆ ಏರಿಸಿಲ್ಲ, ನಡುವೆ ಸೇರಿಸಿದ್ದಾಳೆ. ಮೆಕಾರ್ಟ್ನಿಗೂ ತುಂಬ ಇಷ್ಟವಾಯಿತಂತೆ, ಈ ತಿಂಗಳು ಅವರೇ ಬರೆದುಕೊಂಡಿದ್ದಾರೆ.

ಇನ್ನು ಲಿಂಡಾ ಮಾರ್ಟೆಲ್. ಆಲ್ಬಮ್‌ನಲ್ಲಿ ವಯಸ್ಸಾದ ಹೆಂಗಸೊಬ್ಬರು ನಡುನಡುವೆ ಮಾತಾಡುತ್ತಾರಲ್ಲ, ನೀನು ಸ್ಕಿಪ್ ಮಾಡಿರುತ್ತೀಯ. ಅವರೇ ಇವರು. ದಕ್ಷಿಣ ಕೆರೊಲಿನಾದವರು, 1941ರಲ್ಲಿ ಹುಟ್ಟಿದವರು. 1969ರಲ್ಲಿ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯಲ್ಲಿ ಒಬ್ಬರೇ ನಿಂತು ಹಾಡಿದ ಮೊದಲ ಕಪ್ಪು ಮಹಿಳೆ. ಕಂಟ್ರಿ ಗಾಯಕರಿಗೆ ಅದಕ್ಕಿಂತ ದೊಡ್ಡ ವೇದಿಕೆ ಇಲ್ಲ. ಮರುವರ್ಷ ಒಂದೇ ಒಂದು ಆಲ್ಬಮ್ ಬಂತು, ‘ಕಲರ್ ಮಿ ಕಂಟ್ರಿ’. ಅದನ್ನು ತಂದ ಕಂಪನಿಯ ಹೆಸರು ಪ್ಲಾಂಟೇಷನ್ ರೆಕಾರ್ಡ್ಸ್. ಗುಲಾಮರು ದುಡಿದ ತೋಟಗಳಿಗೆ ಪ್ಲಾಂಟೇಷನ್ ಅನ್ನುತ್ತಿದ್ದರು. ಕಪ್ಪು ಹೆಣ್ಣುಮಗಳ ರೆಕಾರ್ಡಿನ ಮೇಲೆ ಆ ಹೆಸರು ಅಚ್ಚಾಗಿತ್ತು. ವೇದಿಕೆಯಲ್ಲಿ ಬೈಗುಳ ಕೇಳಿ, ದಾರಿ ಮುಚ್ಚಿ, ಕೊನೆಗೆ ಅವರು ಆ ಲೋಕವನ್ನೇ ಬಿಟ್ಟರು. ಮುಂದೆ ಶಾಲಾ ಬಸ್ ಓಡಿಸಿದರು.

‘ಸ್ಪಗೆಟಿ’ ಹಾಡಿನ ಶುರುವಿನಲ್ಲಿ ಅವರು ಸಂಗೀತದ ಪ್ರಕಾರಗಳ ಬಗ್ಗೆ ಒಂದೆರಡು ಮಾತಾಡುತ್ತಾರೆ. ಹೇಳಲು ಸುಲಭ, ಆದರೆ ಅದರೊಳಗೆ ಸಿಕ್ಕಿಕೊಂಡವರಿಗೆ ಉಸಿರು ಕಟ್ಟುತ್ತದೆ ಅನ್ನುವ ಅರ್ಥದ ಮಾತು. ಆ ಗಂಟಲನ್ನು ಕೇಳು. ಎಂಬತ್ತು ದಾಟಿದ ಗಂಟಲು, ಸ್ವಲ್ಪ ನಡುಗುತ್ತದೆ, ಆದರೆ ನಗುವಿದೆ. ತಕ್ಷಣ ಬ್ರೆಜಿಲ್‌ನ ಫಂಕ್ ತಾಳ ಬಂದು ಬಿಯಾನ್ಸೆ ರ‍್ಯಾಪ್ ಶುರು ಮಾಡುತ್ತಾಳೆ. ‘ಇದು ಕಂಟ್ರಿ ಅಲ್ಲ’ ಅನ್ನುವವರ ಎದುರಿಗೇ, ಆ ಮಾತಿನಿಂದ ಬದುಕಿನ ದಾರಿ ಬದಲಿಸಬೇಕಾಗಿ ಬಂದ ಹಿರಿಯರನ್ನು ನಿಲ್ಲಿಸಿ, ಅವರ ಒಪ್ಪಿಗೆ ಪಡೆದು ಹಾಡಿದ ಹಾಗಿದೆ. ನನಗೆ ಅಲ್ಲಿ ಮೈ ಜುಮ್ ಅಂದಿತು. ಅದೇ ಹಾಡಿನ ಕೊನೆಗೆ ಬರುವ ಹುಡುಗ ಶಬೂಜಿ. ಅವನ ‘ಎ ಬಾರ್ ಸಾಂಗ್’ ಈ ತಿಂಗಳು ಬಂದಿದೆ, ಅದನ್ನೂ ಕೇಳು.

‘ಸ್ಮೋಕ್ ಅವರ್’ ಅನ್ನುವ ತುಣುಕುಗಳನ್ನೂ ಬಿಡಬೇಡ. ರೇಡಿಯೋ ಮುಳ್ಳು ತಿರುಗಿಸುವ ಕರಕರ ಸದ್ದು, ನಡುವೆ ಸನ್ ಹೌಸ್, ಸಿಸ್ಟರ್ ರೊಸೆಟ್ಟಾ ಥಾರ್ಪ್, ಚಕ್ ಬೆರಿ ಒಂದೊಂದು ಚೂರು ಕೇಳಿಸಿ ಹೋಗುತ್ತಾರೆ. ಬ್ಲೂಸ್, ಗಾಸ್ಪೆಲ್, ರಾಕ್ ಅಂಡ್ ರೋಲ್, ಎಲ್ಲ ಒಂದೇ ರೇಡಿಯೋದಲ್ಲಿ. ಕಡೆಗೆ ಮುಳ್ಳು ನಿಲ್ಲುವುದು ತೊಂಬತ್ತು ವರ್ಷದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ದನಿಯ ಮೇಲೆ. ಅವರೇ ‘ಟೆಕ್ಸಸ್ ಹೋಲ್ಡ್ ಎಮ್’ ಅನ್ನು ಪರಿಚಯ ಮಾಡಿಕೊಡುತ್ತಾರೆ. ಬೇರೆ ಯಾವ ಕೇಂದ್ರ ಹಾಕದಿದ್ದರೂ ಈ ಕೇಂದ್ರ ಹಾಕುತ್ತದೆ ಅಂದ ಹಾಗೆ.

ಎಲ್ಲವೂ ಸರಿ ಇದೆ ಅಂತ ನಾನು ಹೇಳುವುದಿಲ್ಲ. ‘ಜೊಲೀನ್’ ನನಗೆ ಹಿಡಿಸಲಿಲ್ಲ. ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಅವರ 1973ರ ಹಾಡಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳ ಮುಂದೆ ಬೇಡಿಕೊಳ್ಳುತ್ತಾಳೆ, ನನ್ನ ಗಂಡನನ್ನು ಕಿತ್ತುಕೊಳ್ಳಬೇಡ ಅಂತ. ಆ ಹೆದರಿಕೆಯೇ ಹಾಡಿನ ಪ್ರಾಣ. ಇವಳು ಬೇಡುವುದನ್ನು ಬಿಟ್ಟು ಎಚ್ಚರಿಕೆ ಕೊಡುತ್ತಾಳೆ. ಹೆದರಿಕೆ ಹೋಯಿತು, ಜೊತೆಗೆ ಹಾಡಿನ ಬಿಗಿಯೂ ಹೋಯಿತು. ಡಾಲಿಯೇ ಬಂದು ಆಶೀರ್ವಾದ ಮಾಡಿದ್ದಾರೆ, ಸ್ಟೀವಿ ವಂಡರ್ ಹಾರ್ಮೋನಿಕಾ ನುಡಿಸಿದ್ದಾರೆ, ಆದರೂ ನನ್ನ ಮನಸ್ಸು ಹಳೆಯದಕ್ಕೇ ಹೋಗುತ್ತದೆ. ಪೋಸ್ಟ್ ಮಲೋನ್ ಜೊತೆಗಿನ ‘ಲೀವೈಸ್ ಜೀನ್ಸ್’ ಕೂಡ ಸುಮ್ನೆ ಕೇಳಿ ಮರೆಯುವ ಹಾಡು. ನೀನು ಬಿಟ್ಟದ್ದು ಅಲ್ಲೇ ಇರಬೇಕು. ಆಲ್ಬಮ್ ಅಲ್ಲಿ ಸ್ವಲ್ಪ ಕುಂಟುತ್ತದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಸ್ವಲ್ಪ ಮೊದಲೇ ಬರುವ ಮೈಲಿ ಸೈರಸ್ ಜೊತೆಗಿನ ಹಾಡಿನಲ್ಲಿ ಎರಡು ಒರಟು ದನಿಗಳು ಸೇರುವುದನ್ನು ತಪ್ಪಿಸಿಕೊಳ್ಳಬೇಡ.

‘ಜೊಲೀನ್’ ಮುಗಿದ ಕೂಡಲೇ ಬರುವ ‘ಡಾಟರ್’ ಮಾತ್ರ ಅದರ ಸಾಲವನ್ನೆಲ್ಲ ತೀರಿಸುತ್ತದೆ. ತನಗೆ ಅಡ್ಡ ಬಂದವರ ಮೇಲೆ ಕೈ ಮಾಡಿದೆ ಅಂತ ಕಲ್ಪಿಸಿಕೊಳ್ಳುವ ಹೆಣ್ಣು, ನಾನೂ ನನ್ನ ಅಪ್ಪನ ಹಾಗೇ ಅನ್ನುತ್ತಾಳೆ. ಗಿಟಾರ್ ಮೆಲ್ಲಗೆ ಸುತ್ತುತ್ತಿರುತ್ತದೆ. ನಡುವೆ ಯಾವ ಸೂಚನೆಯೂ ಇಲ್ಲದೆ ‘ಕಾರೊ ಮಿಯೋ ಬೆನ್’ ಶುರುವಾಗುತ್ತದೆ. ಅದು 18ನೇ ಶತಮಾನದ ಇಟಾಲಿಯನ್ ಪ್ರೇಮಗೀತೆ, ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿಯುವ ಮಕ್ಕಳು ಮೊದಮೊದಲು ಕಲಿಯುವ ಹಾಡು. ಇವಳು ಅದನ್ನು ಪೂರಾ ಒಪೆರಾ ದನಿಯಲ್ಲೂ ಹಾಡುವುದಿಲ್ಲ, ಪಾಪ್ ದನಿಯಲ್ಲೂ ಹಾಡುವುದಿಲ್ಲ. ದನಿ ಮೇಲೆ ಹೋಗಿ ತೆಳ್ಳಗಾಗುತ್ತದೆ. ರಕ್ತದ ಕಲೆಯ ಮಾತಾಡುತ್ತಿದ್ದವಳು ಒಂದು ಕ್ಷಣ ಚಿಕ್ಕ ಹುಡುಗಿಯಾಗಿ ಬಿಡುತ್ತಾಳೆ. ಆಮೇಲೆ ಮತ್ತೆ ಅದೇ ತಣ್ಣನೆಯ ದನಿ. ಪಾಪ್ ಆಲ್ಬಮ್‌ನಲ್ಲಿ ಇಂಥದ್ದನ್ನು ನಾನು ಬೇರೆ ಕಡೆ ಕೇಳಿಲ್ಲ.

ಮುಖಪುಟದ ಬಾವುಟ ನಿನಗೆ ಕಿರಿಕಿರಿ ಆಯಿತು ಅಂದೆ. ಬಿಳಿ ಕುದುರೆ, ಅದರ ಮೇಲೆ ಪಕ್ಕಕ್ಕೆ ಕೂತ ಬಿಯಾನ್ಸೆ, ಕೈಯಲ್ಲಿ ಅಮೆರಿಕದ ಬಾವುಟ. ನನಗೂ ಒಂದು ಕ್ಷಣ ಅನ್ನಿಸಿತು, ಬಾಂಬು ಹಾಕುವ ದೇಶದ ಬಾವುಟ ಈ ಹೊತ್ತಿನಲ್ಲಿ ಯಾಕೆ ಅಂತ. ಆ ಪ್ರಶ್ನೆ ಪೂರ್ತಿ ಹೋಗಿಲ್ಲ. ಆದರೆ ಚಿತ್ರ ಸರಿಯಾಗಿ ನೋಡು, ಬಾವುಟ ಪೂರ್ತಿ ಕಾಣುವುದಿಲ್ಲ, ಅರ್ಧ ಅಂಚಿನಾಚೆ ಹೋಗಿದೆ. ‘ಯಾ ಯಾ’ ಹಾಡು ಕೇಳಿದ ಮೇಲೆ ಆ ಅರ್ಧದ ಅರ್ಥ ನನಗೆ ಹೊಳೆಯಿತು. ಬಿಳಿಯರ ಸಭಾಂಗಣಗಳಿಗೆ ಪ್ರವೇಶ ಇಲ್ಲದ ಕಾಲದಲ್ಲಿ ಕಪ್ಪು ಕಲಾವಿದರು ಹಾಡುತ್ತಿದ್ದ ಕ್ಲಬ್ಬು, ಥಿಯೇಟರುಗಳ ಸಾಲಿಗೆ ‘ಚಿಟ್ಲಿನ್ ಸರ್ಕಿಟ್’ ಅನ್ನುತ್ತಿದ್ದರು. ಹಾಡು ಶುರುವಾಗುವುದೇ ಆ ಹೆಸರು ಕೂಗಿ. ನನ್ನ ಮನೆಯವರು ಇಲ್ಲೇ ಬದುಕಿ ಇಲ್ಲೇ ಸತ್ತವರು ಅಂತ ಹೇಳುತ್ತಾ, ಕುಣಿಯುತ್ತಾ, ಏದುಸಿರು ಬಿಡುತ್ತಾ ಹೋಗುತ್ತಾಳೆ. ರಾಕ್ ಗಾಯಕಿ ಟೀನಾ ಟರ್ನರ್ ಹೋಗಿ ಇನ್ನೂ ಒಂದು ವರ್ಷ ಆಗಿಲ್ಲ. ಈ ಹಾಡಿನ ಕಾಲುಗಳಲ್ಲಿ ಅವರಿದ್ದಾರೆ. ಇಡೀ ಆಲ್ಬಮ್‌ನಲ್ಲಿ ಮೈ ಬಿಟ್ಟು ಕುಣಿಸುವ ಹಾಡು ಇದೇ.

ಆಮೇಲಿನದು ನಿನಗಾಗಿಯೇ ಇದೆ. ನೀನು ‘ರೆನೆಸಾನ್ಸ್’ ಹುಚ್ಚ ಅಲ್ವಾ? ‘ರಿವರ್‌ಡ್ಯಾನ್ಸ್’ನಿಂದ ಮುಂದಕ್ಕೆ ತಂತಿ ಮೀಟುವ ಸದ್ದು ‘ಹೌಸ್’ ಡಾನ್ಸ್ ಸಂಗೀತದ ಬೀಟ್ ಮೇಲೆ ಹತ್ತಿ ಕೂರುತ್ತದೆ. ‘ಟೈರಂಟ್’ನಲ್ಲಿ ಪಿಟೀಲಿನ ಒಂದು ಸಣ್ಣ ತುಣುಕು ಸುತ್ತುತ್ತಲೇ ಇರುತ್ತದೆ, ಕೆಳಗೆ ಎದೆ ನಡುಗಿಸುವ ಬೇಸ್. ಇದು ಮೂರು ಅಂಕದ ಸರಣಿ. 2022ರಲ್ಲಿ ಮೊದಲ ಅಂಕ ‘ರೆನೆಸಾನ್ಸ್’ ಬಂತು, ಇದು ಎರಡನೆಯದು, ಇನ್ನೊಂದು ಬರಬೇಕು. ಹಲವು ಹಾಡುಗಳ ಹೆಸರಿನಲ್ಲಿ ಎರಡೆರಡು ‘ಐ’ ಅಕ್ಷರ ಇರುವುದೂ ಎರಡನೇ ಅಂಕ ಅನ್ನುವ ಗುರುತಿಗೇ. ನೀನು ಈ ಭಾಗ ತಲುಪುವ ಮುಂಚೆಯೇ ಬಿಟ್ಟಿದ್ದೀಯ ಅನ್ನುವುದೇ ನನ್ನ ಹೊಟ್ಟೆಯುರಿ.

ಕೊನೆಯ ಹತ್ತಿರ ‘ಸ್ವೀಟ್ ಹನಿ ಬಕಿನ್’ ಹಾಡಿನಲ್ಲಿ, ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ತನಗೆ ಬರಲಿಲ್ಲ ಅನ್ನುವುದನ್ನು ಅವಳೇ ಹೇಳಿಕೊಳ್ಳುತ್ತಾಳೆ. ಈ 2024ರ ಏಪ್ರಿಲ್‌ಗೆ 32 ಗ್ರ್ಯಾಮಿ ಇವೆ, ಅಷ್ಟು ಯಾರ ಹತ್ತಿರವೂ ಇಲ್ಲ, ಆದರೆ ಆ ಒಂದು ಇಲ್ಲ. ಫೆಬ್ರವರಿಯಲ್ಲಿ ಜೇ-ಜೀ ಅದೇ ವೇದಿಕೆಯಲ್ಲಿ ನಿಂತು ಇದು ಸರಿಯಾ ಅಂತ ಕೇಳಿದರು. ಪ್ರಶಸ್ತಿಯಿಂದ ಹಾಡು ಚೆನ್ನಾಗುವುದಿಲ್ಲ, ನಿಜ. ಆದರೂ ಈ ಆಲ್ಬಮ್‌ಗೆ ಅದು ಬರಲೇಬೇಕು ಅಂತ ನನ್ನ ಆಸೆ. ಯಾಕೆಂದರೆ ಅದರಲ್ಲಿ ಲಿಂಡಾ ಮಾರ್ಟೆಲ್ ಹೆಸರೂ ಇದೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಮೊದಲಿನಿಂದ ಕೇಳಬೇಡ, ‘ಯಾ ಯಾ’ದಿಂದ ಶುರು ಮಾಡಿ ಕೊನೆವರೆಗೆ ಹೋಗು. ಇಷ್ಟವಾದರೆ ಮರುದಿನ ಮೊದಲ ಹಾಡಿಗೆ ಬಾ, ಆಗ ಶಫಲ್ ಆಫ್ ಮಾಡು. ಒಂದು ಗಂಟೆ 18 ನಿಮಿಷ ಆಗುತ್ತದೆ. ಮತ್ತೆ ನೀನು ವಿನೈಲ್ ಕೊಳ್ಳುವ ಯೋಚನೆಯಲ್ಲಿದ್ದರೆ ಸದ್ಯ ತಡಿ. ಈಗ ಬಂದಿರುವ ಡಿಸ್ಕ್‌ನಲ್ಲಿ ಕೆಲವು ಟ್ರ್ಯಾಕ್‌ಗಳೇ ಇಲ್ಲ. ‘ಯಾ ಯಾ’ ಇಲ್ಲ, ‘ಸ್ಪಗೆಟಿ’ ಇಲ್ಲ, ಲಿಂಡಾ ಮಾರ್ಟೆಲ್ ಹೆಸರಿನ ತುಣುಕೂ ಇಲ್ಲ. ಅಭಿಮಾನಿಗಳು ದುಡ್ಡು ಕೊಟ್ಟು ಬೇಜಾರು ಮಾಡಿಕೊಂಡಿದ್ದಾರೆ, ಅವರ ಬೇಜಾರು ನ್ಯಾಯವಾದದ್ದೇ. ಪೂರ್ತಿ ಇರುವುದು ಬಂದ ಮೇಲೆ ಇಬ್ಬರೂ ಸೇರಿ ತರಿಸೋಣ. ಅಷ್ಟರೊಳಗೆ ‘ಡಾಟರ್’ ಕೇಳಿ, ಏನನ್ನಿಸಿತು ಅಂತ ಬರಿ.

ನಿನ್ನ
ಗೆಳೆಯ